ಲಾಡಿಯ ಲೆಕ್ಕ: ಮರಗೆಲಸಕ್ಕೊಂದು ಏಪ್ರನ್

ನಮ್ಮ ಭಾನುವಾರದ ಮರಗೆಲಸದ ತರಗತಿಗೆ ಹೊಸಬರು ಬಂದಾಗ ನನಗೆ ಎದುರಾಗುವ ಮೊದಲ ಪ್ರಶ್ನೆ ಉಳಿಯದೂ ಅಲ್ಲ, ಗರಗಸದ್ದೂ ಅಲ್ಲ. "ಸಾರ್, ಏಪ್ರನ್ ಯಾವ ಬಟ್ಟೆಯದು ತಗೊಳ್ಳಲಿ? ಕ್ಯಾನ್ವಾಸೋ, ಲೆದರ್ರೋ?" ಕೆಲಸ ಕಲಿಯುವ ಮೊದಲೇ ವೇಷ ಸಿದ್ಧವಾಗಲಿ ಎನ್ನುವ ಈ ಹುಮ್ಮಸ್ಸು ನನಗೆ ಇಷ್ಟವೇ. ಯಕ್ಷಗಾನದಲ್ಲೂ ಚೌಕಿಯಲ್ಲಿ ಬಣ್ಣ ಹಚ್ಚಿದ ಮೇಲಲ್ಲವೇ ರಂಗಸ್ಥಳ? ಆದರೆ ಪ್ರಶ್ನೆ ಮಾತ್ರ ತಪ್ಪು. ಏಪ್ರನ್ನಿನಲ್ಲಿ ಬಟ್ಟೆಯದು ಎರಡನೆಯ ಮಾತು. ಅದರ ಭಾರ ಮೈಮೇಲೆ ಎಲ್ಲಿ ಕೂರುತ್ತದೆ, ಅದರ ಲಾಡಿಯ ತುದಿ ಎಲ್ಲಿ ಇಳಿಬಿದ್ದಿರುತ್ತದೆ ಎನ್ನುವುದು ಮೊದಲ ಮಾತು. ಭಾರ ಸರಿಯಾದ ಜಾಗದಲ್ಲಿ ಕೂತರೆ ಕತ್ತು ಉಳಿಯುತ್ತದೆ. ತುದಿ ಸರಿಯಾದ ಜಾಗದಲ್ಲಿದ್ದರೆ ಬೆರಳು ಉಳಿಯುತ್ತದೆ, ಕೆಲವು ಸಲ ಜೀವವೇ ಉಳಿಯುತ್ತದೆ.

ಏಪ್ರನ್ ಎಂದರೆ ಮೈಯ ಮುಂಭಾಗಕ್ಕೆ ಅಡ್ಡ ಕಟ್ಟಿಕೊಳ್ಳುವ ಬಟ್ಟೆ. ನಡುವಿನಿಂದ ಕೆಳಕ್ಕಷ್ಟೇ ಇಳಿಯುವುದೊಂದು, ಎದೆಯನ್ನೂ ಮುಚ್ಚುವುದೊಂದು, ಇಷ್ಟೇ ಜಾತಿ. ಹೆಸರಿನದೊಂದು ತಮಾಷೆ ಹೇಳಿ ಮುಂದೆ ಹೋಗುತ್ತೇನೆ. ಹಳೆಯ ಫ್ರೆಂಚಿನಿಂದ ಈ ಪದ ಇಂಗ್ಲಿಷಿಗೆ ಬಂದಾಗ ಅದು 'ನೇಪ್ರನ್' ಆಗಿತ್ತು. 'ಎ ನೇಪ್ರನ್' ಎಂದು ಬೇಗಬೇಗ ಆಡುವಾಗ ನಕಾರ ಹಿಂದಿನ ಪದಕ್ಕೆ ಅಂಟಿಕೊಂಡು 'ಎನ್ ಏಪ್ರನ್' ಆಯಿತು. ಅದರ ದಾಯಾದಿ 'ನ್ಯಾಪ್ಕಿನ್' ತನ್ನ ನಕಾರವನ್ನು ಭದ್ರವಾಗಿ ಇಟ್ಟುಕೊಂಡಿದೆ.

ನಮ್ಮ ಆಚಾರಿಗಳು ಏಪ್ರನ್ ಕಟ್ಟಿದ್ದನ್ನು ನಾನು ಬಾಲ್ಯದಲ್ಲಿ ಕಂಡವನಲ್ಲ. ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿದ ಪಂಚೆ, ಹೆಗಲ ಮೇಲೊಂದು ಟವೆಲ್ಲು, ಕಿವಿಯ ಸಂದಿನಲ್ಲಿ ಪೆನ್ಸಿಲ್ಲು. ಇದು ಬಡತನದ ಉಡುಪು ಎಂದುಕೊಳ್ಳಬೇಡಿ, ಕೂತು ಮಾಡುವ ಕೆಲಸದ ಉಡುಪು. ನೆಲದ ಮೇಲೆ ಕೂತವನಿಗೆ ಪಂಚೆಯೇ ಮಡಿಲು. ಮೊಳೆ ಹಾಕಿಕೊಳ್ಳಲೂ ಅದೇ, ಕೈ ಒರೆಸಿಕೊಳ್ಳಲೂ ಅದೇ. ಎತ್ತರದ ಮೇಜಿನ ಮುಂದೆ ನಿಂತು ಕೆಲಸ ಮಾಡುವ ಪದ್ಧತಿ ಬಂದಾಗ ಮಡಿಲು ಮಾಯವಾಯಿತು, ಅದರ ಜಾಗಕ್ಕೆ ಏಪ್ರನ್ನಿನ ಜೇಬು ಬಂತು. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಈ ಜಾಗಕ್ಕೆ ಬರುತ್ತೇನೆ.

ಅದು ಮಾಡುವ ಕೆಲಸವಾದರೂ ಏನು? ಅಂಟು, ಪಾಲಿಶು ಅಂಗಿಗೆ ತಾಗದಂತೆ ತಡೆಯುವುದು ಎಲ್ಲರಿಗೂ ಹೊಳೆಯುತ್ತದೆ. ಯಾರಿಗೂ ಹೊಳೆಯದ್ದು ಇನ್ನೊಂದಿದೆ. ನಿಮ್ಮ ಸೊಂಟದ ಬೆಲ್ಟಿನ ಬಕಲ್ಲು, ಅಂಗಿಯ ಗುಂಡಿ, ಪ್ಯಾಂಟಿನ ರಿವೆಟ್ಟು ಇವುಗಳಿಂದ ಮರವನ್ನು ಕಾಪಾಡುವುದು. ಮೂರು ದಿನ ಉಜ್ಜಿ ನಯಮಾಡಿದ ತೇಗದ ಮೇಜಿನ ಅಂಚಿಗೆ ಒಮ್ಮೆ ಹೊಟ್ಟೆ ಆನಿಸಿ ಬಗ್ಗಿ ನೋಡಿ. ಬಕಲ್ಲು ತನ್ನ ಸಹಿ ಹಾಕಿರುತ್ತದೆ. ಪೀಠೋಪಕರಣ ಮಾಡುವವರ ಏಪ್ರನ್ನಿನ ಮುಂಭಾಗದಲ್ಲಿ ಲೋಹದ ಚೂರೂ ಇರಬಾರದು ಎನ್ನುವುದು ಇದಕ್ಕೇ. ಈಗ ಮಾರುಕಟ್ಟೆಗೆ ಬರುವ ಚಂದದ ಏಪ್ರನ್ನುಗಳಲ್ಲಿ ಜೇಬಿನ ಮೂಲೆಮೂಲೆಗೆ ಹಿತ್ತಾಳೆ ರಿವೆಟ್ಟು ಹೊಡೆದಿರುತ್ತಾರೆ. ಫೋಟೋಗೆ ಚೆನ್ನ.

ಅದು ಮಾಡದ ಕೆಲಸವನ್ನೂ ಹೇಳಿಬಿಡಬೇಕು. ಏಪ್ರನ್ ಕವಚವಲ್ಲ. ಹತ್ತು ಇಂಚಿನ ವೃತ್ತಾಕಾರದ ಗರಗಸ ನಿಮಿಷಕ್ಕೆ 4000 ಸುತ್ತು ತಿರುಗುವಾಗ ಅದರ ಹಲ್ಲು ಸೆಕೆಂಡಿಗೆ ಸುಮಾರು 53 ಮೀಟರ್ ಓಡುತ್ತದೆ, ಅಂದರೆ ಗಂಟೆಗೆ 190 ಕಿ.ಮೀ. ಆ ವೇಗಕ್ಕೆ ಕ್ಯಾನ್ವಾಸಾದರೇನು, ಎಮ್ಮೆಯ ತೊಗಲಾದರೇನು. ಮರ ಹಿಂದಕ್ಕೆ ಚಿಮ್ಮಿದರೆ ನಿಮ್ಮನ್ನು ಕಾಯುವುದು ನೀವು ನಿಂತ ಜಾಗ. ಹಲ್ಲಿನ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಲ್ಲಿ.

ಬಟ್ಟೆ: ಬೇಗ ಮುಗಿಯುವ ಮಾತು

ಕ್ಯಾನ್ವಾಸ್ ಎಂದರೆ ಹಾಸು ಹೊಕ್ಕು ಒಂದರ ಮೇಲೊಂದು ನೇರವಾಗಿ ಹೆಣೆದ ಗಟ್ಟಿ ಬಟ್ಟೆ. ಡ್ರಿಲ್ ಮತ್ತು ಡೆನಿಮ್ ಓರೆಗೆರೆ ಕಾಣುವ ನೇಯ್ಗೆಯವು. ಡೆನಿಮ್ಮಿನಲ್ಲಿ ಹಾಸಿನ ನೂಲಿಗೆ ಮಾತ್ರ ನೀಲಿ, ಹೊಕ್ಕು ಬಿಳಿ. ಆದ್ದರಿಂದಲೇ ಜೀನ್ಸ್ ಒಳಮಗ್ಗುಲು ಬೆಳ್ಳಗಿರುತ್ತದೆ. ಕೆಲಸದ ಉಡುಪಿಗೆ ಇಂಗ್ಲಿಷರು ಬಳಸುವ 'ಡಂಗರೀ' ಎಂಬ ಹೆಸರು ಮುಂಬಯಿಯ ಡೋಂಗ್ರಿಯ ಒರಟು ಬಟ್ಟೆಯಿಂದ ಹೋದದ್ದು. ವಿದೇಶಿ ಏಪ್ರನ್ ಎಂದು ಬೀಗುವವರಿಗೆ ಇದನ್ನು ಹೇಳಿ ಸ್ವಲ್ಪ ಖುಷಿಪಡುವುದುಂಟು ನಾನು.

ಬಟ್ಟೆಯ ದಪ್ಪವನ್ನು ಅಂಗಡಿಯವರು ಜಿಎಸ್ಎಂ ಎನ್ನುತ್ತಾರೆ, ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ. ಅಮೆರಿಕದ ಲೆಕ್ಕ ಔನ್ಸಿನಲ್ಲಿ. ಒಂದು ಔನ್ಸಿಗೆ ಸುಮಾರು 34 ಜಿಎಸ್ಎಂ ಎಂದು ಗುಣಿಸಿಕೊಳ್ಳಿ. ಹತ್ತು ಔನ್ಸಿನದು 340, ಹದಿನಾರು ಔನ್ಸಿನದು 540ರ ಹತ್ತಿರ. ನಮ್ಮ ಸೆಕೆಗೆ 270ರಿಂದ 340ರ ಒಳಗಿನ ಹತ್ತಿಯ ಡ್ರಿಲ್ ಅಥವಾ ಡೆನಿಮ್ ಧಾರಾಳ ಸಾಕು. ಮೇ ತಿಂಗಳ ಮಂಗಳೂರಿನಲ್ಲಿ ಹದಿನಾರು ಔನ್ಸಿನ ಕ್ಯಾನ್ವಾಸು ಕಟ್ಟಿಕೊಂಡು ಹತ್ತರಿ ತಳ್ಳುವವನಿಗೆ ರಕ್ಷಣೆಗಿಂತ ಮೊದಲು ನಿಂಬೆ ಶರಬತ್ತು ಬೇಕಾಗುತ್ತದೆ. ಮೇಣ ಹಚ್ಚಿದ ಕ್ಯಾನ್ವಾಸು ಅಂಟನ್ನೂ ನೀರನ್ನೂ ಹತ್ತಿರ ಸೇರಿಸುವುದಿಲ್ಲ, ನಿಜ. ಆದರೆ ಗಾಳಿಯನ್ನೂ ಸೇರಿಸುವುದಿಲ್ಲ, ಬಿಸಿಲಿಗೆ ಜಿಗುಟಾಗುತ್ತದೆ, ಬಿಸಿನೀರಲ್ಲಿ ಒಗೆಯುವಂತಿಲ್ಲ. ಪಾಲಿಯೆಸ್ಟರ್ ಬೇಡ. ಉಳಿಗೆ ಗ್ರೈಂಡರಿನಲ್ಲಿ ಸಾಣೆ ಹಿಡಿಯುವಾಗ ಕಿಡಿ ಬಿದ್ದರೆ ಹತ್ತಿ ಕರಕಾಗುತ್ತದೆ, ಪಾಲಿಯೆಸ್ಟರು ಕರಗಿ ಚರ್ಮಕ್ಕೆ ಅಂಟುತ್ತದೆ. ತೊಗಲು ಕಮ್ಮಾರನಿಗೆ ಸರಿ.

ಇಲ್ಲೊಂದು ಲೆಕ್ಕ ಮಾಡೋಣ. ಎದೆಭಾಗವೂ ಸೇರಿ ಒಂದು ಏಪ್ರನ್ನಿಗೆ ಅರ್ಧ ಚದರ ಮೀಟರಿನ ಆಸುಪಾಸು ಬಟ್ಟೆ ಬೇಕು. 340 ಜಿಎಸ್ಎಂ ಬಟ್ಟೆಯದು 170 ಗ್ರಾಂ ತೂಗಿದರೆ 540ರದು 270 ಗ್ರಾಂ. ವ್ಯತ್ಯಾಸ ನೂರು ಗ್ರಾಂ, ಅಂದರೆ ಎರಡು ಕೋಳಿಮೊಟ್ಟೆ. ಸೆಕೆಯ ಮಾತು ಬೇರೆ, ಭಾರದ ಮಾತಿನಲ್ಲಿ ಬಟ್ಟೆಯ ಪಾತ್ರ ಇಷ್ಟೇ. ಹಾಗಾದರೆ ಸಂಜೆಯ ಹೊತ್ತಿಗೆ ಕತ್ತು ಹಿಡಿದುಕೊಳ್ಳುವುದು ಯಾಕೆ?

ಕೊರಳಿಗೋ, ಹೆಗಲಿಗೋ

ಒಮ್ಮೆ ತರಗತಿಯಲ್ಲಿ ಒಬ್ಬರ ಏಪ್ರನ್ನಿನ ಜೇಬು ಬರಿದುಮಾಡಿಸಿ ಎಲ್ಲವನ್ನೂ ತಕ್ಕಡಿಗೆ ಹಾಕಿದೆ. ಐದು ಮೀಟರಿನ ಟೇಪು 280 ಗ್ರಾಂ. ಮೂಲೆಮಟ್ಟ 390. ಎರಡು ಉಳಿ ಸೇರಿ 430. ಸ್ಕ್ರೂ ಡಬ್ಬಿ 200. ಮೊಬೈಲು 190. ಒಟ್ಟು ಒಂದೂವರೆ ಕಿಲೋಗೆ ಹತ್ತೇ ಗ್ರಾಂ ಕಡಿಮೆ. ಬಟ್ಟೆಯ ಒಂಬತ್ತು ಪಟ್ಟು ಹತ್ತಿರ! ಒಂದೂವರೆ ಕಿಲೋ ಈರುಳ್ಳಿ ಇರುವ ಚೀಲವನ್ನು ಕೊರಳಿಗೆ ನೇತುಹಾಕಿಕೊಂಡು ಮೂರು ಗಂಟೆ ಬಗ್ಗಿ ನಿಲ್ಲಿ ಎಂದರೆ ಯಾರೂ ಒಪ್ಪುವುದಿಲ್ಲ. ಅದೇ ಭಾರ ಏಪ್ರನ್ನಿನ ರೂಪದಲ್ಲಿ ಬಂದರೆ ಸಂತೋಷದಿಂದ ಹಾಕಿಕೊಳ್ಳುತ್ತೇವೆ.

ತಲೆ ತಗ್ಗಿಸಿ ಕತ್ತಿನ ಹಿಂದೆ ಬೆರಳಾಡಿಸಿ. ಕತ್ತು ಬೆನ್ನಿಗೆ ಸೇರುವಲ್ಲಿ ಒಂದು ಉಬ್ಬು ಸಿಗುತ್ತದೆ. ಅದು ಕತ್ತಿನ ಏಳು ಕಶೇರುಕಗಳಲ್ಲಿ ಕೊನೆಯದು. ಕೊರಳ ಪಟ್ಟಿಯ ಏಪ್ರನ್ ಕೂರುವುದು ಸರಿಯಾಗಿ ಅದರ ಆಜುಬಾಜು. ಆ ಏಳು ಮೂಳೆಗಳಿಗೆ ಸುಮಾರು ಐದು ಕಿಲೋ ತೂಗುವ ತಲೆಯನ್ನು ಹೊರುವ ಕೆಲಸ ಮೊದಲೇ ಇದೆ. ನೇರ ನಿಂತಾಗ ತಲೆ ಬೆನ್ನೆಲುಬಿನ ಮೇಲೆ ಕೊಡದಂತೆ ಕೂತಿರುತ್ತದೆ, ಹೆಚ್ಚು ಶ್ರಮವಿಲ್ಲ. ಆದರೆ ಮರಗೆಲಸದವನು ನೇರ ನಿಲ್ಲುವುದು ಚಹಾ ಬಂದಾಗ ಮಾತ್ರ. ಗೆರೆ ನೋಡಲು ಬಗ್ಗಿದ ಕೂಡಲೇ ತಲೆ ಮುಂದಕ್ಕೆ ಬೀಳಹೊರಡುತ್ತದೆ, ಅದನ್ನು ಹಿಂದಿನಿಂದ ಹಿಡಿದಿಡುವುದು ಕತ್ತಿನ ಸ್ನಾಯುಗಳು. ಅದೇ ಹೊತ್ತಿಗೆ ಏಪ್ರನ್ನಿನ ಎದೆಭಾಗವೂ ಮೈಯಿಂದ ದೂರ ಸರಿದು ನೇತಾಡಲು ಶುರುಮಾಡುತ್ತದೆ. ತಲೆ ಯಾವ ದಿಕ್ಕಿಗೆ ಬೀಳುತ್ತಿದೆಯೋ ಅದೇ ದಿಕ್ಕಿಗೆ ಪಟ್ಟಿಯೂ ಎಳೆಯುತ್ತದೆ. ಎಳೆತ ಎರಡು, ತಡೆಯುವವನು ಒಬ್ಬ. ಪಟ್ಟಿ ಅಗಲ ಮಾಡಿದರೆ ಚರ್ಮಕ್ಕೆ ಒತ್ತುವುದು ತಪ್ಪೀತು, ಎಳೆತದ ದಿಕ್ಕು ತಪ್ಪುವುದಿಲ್ಲ. ಮೆತ್ತನೆಯ ಪ್ಯಾಡು ಹೊಲಿಸಿಕೊಂಡು ಬಂದು "ಈಗ ಸರಿಹೋಯ್ತು ಸಾರ್" ಎನ್ನುವವರು ಎರಡು ವಾರ ಬಿಟ್ಟು ಮತ್ತೆ ಕತ್ತು ಉಜ್ಜಿಕೊಳ್ಳುತ್ತಿರುತ್ತಾರೆ.

ಮದ್ದು ಬೆನ್ನಮೇಲೆ ಅಡ್ಡಹಾಯುವ ಪಟ್ಟಿ. ಎಡ ಹೆಗಲಿನಿಂದ ಬಲ ಸೊಂಟಕ್ಕೆ, ಬಲ ಹೆಗಲಿನಿಂದ ಎಡ ಸೊಂಟಕ್ಕೆ. ಬಲಕ್ಕೊಂದು ಎಡಕ್ಕೊಂದು ಜನಿವಾರ ಹಾಕಿದಂತೆ. ಈಗ ಭಾರ ಹೆಗಲ ಮಾಂಸಖಂಡದ ಮೇಲೆ ಕೂತು ಎದೆಗೂಡಿಗೆ ಇಳಿಯುತ್ತದೆ, ಕತ್ತಿಗೆ ಸಂಬಂಧವೇ ಇಲ್ಲ. ನಡುವಿನ ಲಾಡಿಯನ್ನು ಸೊಂಟದ ಮೂಳೆಯ ಮೇಲೆ ಬಿಗಿಯಾಗಿ ಕಟ್ಟಿದರೆ ಕೆಳಜೇಬುಗಳ ಭಾರದ ಒಂದು ಪಾಲನ್ನು ಸೊಂಟ ಹೊರುತ್ತದೆ. ಜಪಾನಿನ ಸಾಕೆ, ಅಕ್ಕಿ ಅಂಗಡಿಗಳ ಹಮಾಲರು ಕಟ್ಟುವ 'ಮಾಯೆಕಾಕೆ' ಎಂಬ ಒಂದು ಏಪ್ರನ್ ಇದೆ. ಅದಕ್ಕೆ ಎದೆಭಾಗವೇ ಇಲ್ಲ; ದಪ್ಪ ಹತ್ತಿಯ ಪಟ್ಟಿಯನ್ನು ಸೊಂಟದ ಕೆಳಗೆ ಬಿಗಿದು ಭಾರ ಎತ್ತುವಾಗ ನಡುವಿಗೆ ಆಸರೆ ಮಾಡಿಕೊಳ್ಳುತ್ತಾರೆ. ಐಚಿ ಪ್ರಾಂತ್ಯದ ತೊಯೊಹಾಶಿ ಅದರ ನೇಯ್ಗೆಗೆ ಹೆಸರಾದ ಊರು.

ಅಡ್ಡಪಟ್ಟಿಗೆ ದೋಷವಿಲ್ಲವೆಂದಲ್ಲ. ಕಿರಿದಾದ ಹೆಗಲಿನವರಿಗೆ ಅದು ಜಾರುತ್ತದೆ. ಅವರು ಎರಡು ಪಟ್ಟಿ ಸೇರುವ ಜಾಗವನ್ನು ಬೆನ್ನಿನಲ್ಲಿ ಸ್ವಲ್ಪ ಮೇಲಕ್ಕೆ, ಹೆಗಲೆಲುಬುಗಳ ನಡುವೆ ಬರುವಂತೆ ಹೊಲಿಸಿಕೊಳ್ಳಬೇಕು. ಹಾಕಿಕೊಳ್ಳುವುದೂ ಮೊದಮೊದಲು ಗೊಂದಲವೇ, ತಲೆ ತೂರಿಸಬೇಕಾದಲ್ಲಿ ಕೈ ತೂರಿರುತ್ತದೆ. ಕೊಳ್ಳುವ ಮೊದಲು ಅಂಗಡಿಯಲ್ಲೇ ಮೂರು ಭಂಗಿ ಮಾಡಿ ನೋಡಿ, ನಾಚಿಕೆ ಬೇಡ. ಎರಡೂ ಕೈ ತಲೆಯ ಮೇಲೆತ್ತಿ: ಏಪ್ರನ್ ಗಂಟಲಿಗೆ ಬಂದರೆ ಪಟ್ಟಿ ಗಿಡ್ಡ. ಬಗ್ಗಿ ಮೊಣಕಾಲು ಮುಟ್ಟಿ: ಎದೆಭಾಗ ಮೇಜಿಗೆ ತಾಗುವಷ್ಟು ಜೋತರೆ ಪಟ್ಟಿ ಉದ್ದ. ಕುಕ್ಕರುಗಾಲಲ್ಲಿ ಕೂತೇಳಿ: ಅಂಚು ಕಾಲಡಿಗೆ ಸಿಕ್ಕಿದರೆ ಮೊಣಕಾಲಿಗಿಂತ ಕೆಳಗಿದೆ ಎಂದರ್ಥ.

ಲಾಡಿ ಮತ್ತು ಹೋರಿ

ಈಗ ನನಗೆ ಪ್ರಿಯವಾದ ಭಾಗ. ಪ್ರಿಯ ಎನ್ನುವುದೇ ವಿಚಿತ್ರ, ಹೆದರಿಕೆಯಿಂದ ಹುಟ್ಟಿದ ಪ್ರೀತಿ ಇದು.

ಬಹಳ ವರ್ಷಗಳ ಹಿಂದೆ ನಿಂತ ಡ್ರಿಲ್ ಯಂತ್ರದಲ್ಲಿ ಹಲಸಿನ ಹಲಗೆಗೆ ತೂತು ಹಾಕುತ್ತಿದ್ದೆ. ಲಾಡಿಯನ್ನು ಬೆನ್ನಿನಿಂದ ಸುತ್ತಿ ತಂದು ಮುಂದೆ ಹೊಕ್ಕುಳ ಹತ್ತಿರ ಕಟ್ಟಿದ್ದೆ, ತುದಿಗಳು ಒಂದು ಗೇಣು ಜೋತಿದ್ದವು. ಚಕ್ಕೆ ಊದಲು ಬಗ್ಗಿದೆ. 'ಟಪ್' ಎಂದು ಒಂದು ಸದ್ದು. ನೋಡಿದರೆ ನನ್ನ ನಡುವಿನಲ್ಲಿ ಲಾಡಿ ಇಲ್ಲ, ಡ್ರಿಲ್ಲಿನ ಕೊರಳಿಗೆ ಸುತ್ತಿಕೊಂಡು ತಾನೂ ತಿರುಗುತ್ತಿದೆ. ಹಳೇ ಲಾಡಿ, ಒಗೆದೊಗೆದು ಜೀರ್ಣವಾಗಿತ್ತು, ಕಿತ್ತು ಬಂತು. ಹೊಸದಾಗಿದ್ದರೆ ಅದು ಬರುತ್ತಿರಲಿಲ್ಲ, ನಾನು ಹೋಗುತ್ತಿದ್ದೆ. ಹೆದರಿಕೆ ಆಗ ಆಗಲಿಲ್ಲ. ಆಮೇಲೆ ಚಹಾದ ಲೋಟ ಹಿಡಿದಾಗ ಕೈ ನಡುಗಿತು.

ಇದನ್ನು ಹೇಳಿದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಸುತ್ತಿಕೊಂಡ್ರೆ ಎಳಕೊಂಡ್ರಾಯ್ತಲ್ಲ ಸಾರ್? ಇಲ್ಲಾ ಸ್ವಿಚ್ ಆಫ್ ಮಾಡಿದ್ರಾಯ್ತು." ಜನ ಎಡವುವ ಜಾಗ ಇದೇ. ಉತ್ತರ ಲೆಕ್ಕದಲ್ಲಿದೆ.

ಲೇತಿನಲ್ಲಿ ಮರ ನಿಮಿಷಕ್ಕೆ 1000 ಸುತ್ತು ತಿರುಗುತ್ತಿದೆ ಎಂದಿಟ್ಟುಕೊಳ್ಳಿ. ಅದು ದೊಡ್ಡ ವೇಗವೇನಲ್ಲ. ಸೆಕೆಂಡಿಗೆ ಹದಿನಾರು-ಹದಿನೇಳು ಸುತ್ತು. ಏನೋ ತಾಗಿತು ಎಂದು ಮಿದುಳಿಗೆ ತಿಳಿದು ಕೈ ಅಲುಗುವುದಕ್ಕೆ ಸುಮಾರು ಕಾಲು ಸೆಕೆಂಡು ಬೇಕು. ಅಷ್ಟರಲ್ಲಿ ನಾಲ್ಕು ಸುತ್ತು ಮುಗಿದಿರುತ್ತದೆ. ಮರ ಐದು ಸೆಂಟಿಮೀಟರ್ ದಪ್ಪದ್ದಾದರೆ ಅರವತ್ತು ಸೆಂಟಿಮೀಟರಿಗಿಂತ ಹೆಚ್ಚು ಲಾಡಿ ಒಳಗೆ ಹೋಯಿತು. ಸ್ವಿಚ್ಚಿನ ಮಾತು ಇಲ್ಲಿಗೇ ಮುಗಿಯಿತು.

ಇನ್ನು ಎಳೆದುಕೊಳ್ಳುವ ಮಾತು. ಹಳ್ಳಿಯಲ್ಲಿ ಹೋರಿ ಹಿಡಿಯುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಗ್ಗವನ್ನು ಬರಿಗೈಯಲ್ಲಿ ಹಿಡಿದವನನ್ನು ಹೋರಿ ದರದರ ಎಳೆದೊಯ್ಯುತ್ತದೆ. ಅದೇ ಹಗ್ಗವನ್ನು ಗೂಟಕ್ಕೆ ಎರಡು-ಮೂರು ಸುತ್ತು ಸುತ್ತಿ ತುದಿಯನ್ನು ಹತ್ತು ವರ್ಷದ ಹುಡುಗನ ಕೈಗೆ ಕೊಟ್ಟರೂ ಹೋರಿ ನಿಲ್ಲುತ್ತದೆ. ಹುಡುಗ ಹಿಡಿದದ್ದು ಸ್ವಲ್ಪವೇ, ಉಳಿದದ್ದನ್ನು ಗೂಟದ ಘರ್ಷಣೆ ಹಿಡಿಯಿತು. ಹದಿನೆಂಟನೆಯ ಶತಮಾನದ ಗಣಿತಜ್ಞ ಆಯ್ಲರನ ಹೆಸರಿನಲ್ಲಿ ಇದಕ್ಕೊಂದು ಸೂತ್ರವೇ ಇದೆ. ಸುತ್ತು ಒಂದೊಂದು ಹೆಚ್ಚಿದಂತೆ ಹಿಡಿತ ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ. ಬಟ್ಟೆಗೂ ಮರಕ್ಕೂ ನಡುವಿನ ಘರ್ಷಣೆಯ ಅಂಕ 0.3 ಎಂದು ಹಿಡಿದರೆ ಒಂದು ಸುತ್ತಿಗೆ ಹಿಡಿತ ಆರೂವರೆ ಪಟ್ಟು, ಎರಡಕ್ಕೆ 43 ಪಟ್ಟು, ಮೂರಕ್ಕೆ 285ರ ಹತ್ತಿರ, ನಾಲ್ಕಕ್ಕೆ 1800 ದಾಟುತ್ತದೆ.

ಲೇತಿನ ಮುಂದೆ ನೀವು ಹುಡುಗನಲ್ಲ, ಹೋರಿ. ಗೂಟ ತಿರುಗುತ್ತಿದೆ. ಲಾಡಿಯ ಇನ್ನೊಂದು ತುದಿಯನ್ನು ಯಾರೂ ಹಿಡಿದಿಲ್ಲವಲ್ಲ ಎನ್ನುತ್ತೀರಾ? ಹಿಡಿಯಲು ಅದರದೇ ತೂಕ ಸಾಕು. ಜೋತ ತುದಿಯ ಎಳೆತ ಐದೇ ಗ್ರಾಂ ಇರಲಿ. ಮೂರು ಸುತ್ತಿಗೆ ಹಿಡಿತ ಒಂದೂವರೆ ಕಿಲೋಗೆ ಸಮೀಪ. ನಾಲ್ಕು ಸುತ್ತಿಗೆ ಒಂಬತ್ತು ಕಿಲೋ. ಐದನೆಯ ಸುತ್ತಿಗೆ ಅರವತ್ತು ಕಿಲೋ, ಅಂದರೆ ಒಬ್ಬ ಮನುಷ್ಯ! ನಾಲ್ಕನೆಯದರಿಂದ ಐದನೆಯದಕ್ಕೆ ಹೋಗಲು ಲೇತಿಗೆ ಬೇಕಾದದ್ದು ಸೆಕೆಂಡಿನ ಹದಿನೇಳನೆಯ ಒಂದು ಪಾಲು. ವಾಸ್ತವದಲ್ಲಿ ಇನ್ನೂ ಬೇಗ, ಯಾಕೆಂದರೆ ಎರಡನೆಯ ಸುತ್ತು ಮೊದಲನೆಯದರ ಮೇಲೆ ಬಿದ್ದು ಅದನ್ನು ಅದುಮಿ ಬೀಗ ಹಾಕಿಬಿಡುತ್ತದೆ.

ಈ ಸೂತ್ರದಲ್ಲಿ ನನ್ನನ್ನು ಇಂದಿಗೂ ಬೆರಗುಗೊಳಿಸುವುದು ಅದರಲ್ಲಿ ಇಲ್ಲದ ಒಂದು ಸಂಗತಿ. ಗೂಟದ ದಪ್ಪಕ್ಕೆ ಅಲ್ಲಿ ಜಾಗವೇ ಇಲ್ಲ. ಸುತ್ತು ಎಷ್ಟು ಎನ್ನುವುದಷ್ಟೇ ಮುಖ್ಯ. ಆನೆ ಕಟ್ಟುವ ಕಂಬಕ್ಕೂ ಕಿರುಬೆರಳ ದಪ್ಪದ ಡ್ರಿಲ್ ಬಿಟ್ಟಿಗೂ ಮೂರು ಸುತ್ತಿನ ಹಿಡಿತ ಒಂದೇ. "ಸಣ್ಣ ಡ್ರಿಲ್ಲು ಸಾರ್, ಏನಾಗ್ತದೆ" ಎನ್ನುವವರಿಗೆ ನನ್ನ ಉತ್ತರ ಇದೇ.

ಆದ್ದರಿಂದ ಲಾಡಿಯ ವಿಷಯದಲ್ಲಿ ನಮ್ಮ ರೂಢಿಯ ಬುದ್ಧಿಯನ್ನು ತಿರುಗಿಸಿ ಹಾಕಿಕೊಳ್ಳಬೇಕು. ಬೇರೆಲ್ಲ ಕಡೆ ಗಟ್ಟಿ ಇದ್ದಷ್ಟೂ ಒಳ್ಳೆಯದು. ತಿರುಗುವ ಯಂತ್ರದ ಮುಂದೆ ಹರಿಯುವ ಲಾಡಿಯೇ ಒಳ್ಳೆಯ ಲಾಡಿ. ತೊಗಲಿನ ಪಟ್ಟಿಗೆ ಉಕ್ಕಿನ ಕೊಂಡಿ ಹಾಕಿ, ಆಯುಷ್ಯಪೂರ್ತಿ ಬಾಳಿಕೆ ಎಂದು ಮಾರುವ ಏಪ್ರನ್ನುಗಳ ಮುಂದೆ ನಿಂತಾಗ ಕೇಳಿಕೊಳ್ಳಿ, ಯಾರ ಆಯುಷ್ಯ? ನಡುವಿನಲ್ಲಿ ಲಾಡಿಯ ಬದಲು ಎರಡು ಬೆರಳಗಲದ ವೆಲ್ಕ್ರೋ ಅಥವಾ ಟಿಚ್ ಬಟನ್ ಇರಲಿ, ಜಗ್ಗಿದರೆ ಬಿಚ್ಚಿಕೊಳ್ಳಬೇಕು. ಗೆಳೆಯನಿಗೆ ಹೇಳಿ ಒಮ್ಮೆ ರಪ್ಪನೆ ಎಳೆಸಿ ನೋಡಿ. ಲಾಡಿಯೇ ಬೇಕೆಂದರೆ ಹಿಂದೆ ಕಟ್ಟಿ, ತುದಿಯನ್ನು ಸುತ್ತಿದ ಪಟ್ಟಿಯ ಒಳಕ್ಕೆ ಸಿಕ್ಕಿಸಿ. ಮುಂದೆ ಗಂಟು ಬೇಡವೇ ಬೇಡ. ಅಡುಗೆಮನೆಯ ಏಪ್ರನ್ನಿನವರು ಮುಂದೆ ಕಟ್ಟುತ್ತಾರೆ ಎಂದು ನೀವೂ ಕಟ್ಟಬೇಡಿ, ಅವರ ಮುಂದೆ ತಿರುಗುವುದು ಸೌಟು. ಲೇತಿನ ಮುಂದೆ ಕೈಗವಸು, ಶಾಲು, ದುಪಟ್ಟಾ, ಬಿಟ್ಟ ಜಡೆ, ಆಫೀಸಿನ ಐಡಿ ಕಾರ್ಡಿನ ದಾರ ಎಲ್ಲಕ್ಕೂ ಇದೇ ಲೆಕ್ಕ.

ಇದು ನನ್ನೊಬ್ಬನ ಹೆದರಿಕೆಯಲ್ಲ. ನಮ್ಮ ದೇಶದ 1948ರ ಕಾರ್ಖಾನೆ ಕಾಯ್ದೆ ತನ್ನ 22ನೇ ಸೆಕ್ಷನ್ನಿನಲ್ಲಿ, ಓಡುತ್ತಿರುವ ಯಂತ್ರವನ್ನು ಪರೀಕ್ಷಿಸುವ, ಅದಕ್ಕೆ ಎಣ್ಣೆ ಬಿಡುವ ಕೆಲಸಗಾರ ಮೈಗಂಟಿದ ಉಡುಪನ್ನೇ ಧರಿಸಬೇಕು, ಅದನ್ನು ಮಾಲೀಕನೇ ಕೊಡಬೇಕು ಎಂದು ಬರೆದಿತ್ತು.

ಕಡೆತದವರಿಗಾಗಿಯೇ ಇರುವ ಒಂದು ಉಡುಪು ಏಪ್ರನ್ನಿಗಿಂತ ಮೇಲು. ಗಂಟಲವರೆಗೆ ಜಿಪ್ಪು, ಮುಂಗೈಗೆ ಬಿಗಿ, ಜೇಬುಗಳೆಲ್ಲ ಹಿಂಬದಿಗೆ, ಲಾಡಿಯ ಸುದ್ದಿಯೇ ಇಲ್ಲ. ಚನ್ನಪಟ್ಟಣದ ಗೊಂಬೆ ಕಡೆಯುವಲ್ಲಿ ಹೋಗಿ ನಿಂತು ನೋಡಿದರೆ ಯಾಕೆಂದು ತಿಳಿಯುತ್ತದೆ. ಆಲೆಮರದ ತುಂಡು ಲೇತಿನಲ್ಲಿ ತಿರುಗುತ್ತದೆ, ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಆಮೇಲೆ ತಾಳೆಗರಿ ಹಿಡಿದು ಹೊಳಪು ಕೊಡುತ್ತಾರೆ. ಇಷ್ಟೂ ಹೊತ್ತು ಕುಶಲಕರ್ಮಿಯ ಎದೆ ಆ ತಿರುಗುವ ಮರದಿಂದ ಒಂದು ಮೊಳದ ಒಳಗೇ ಇರುತ್ತದೆ.

ಜೇಬು

ಕಡಿಮೆ ಇದ್ದಷ್ಟೂ ಒಳ್ಳೆಯದು. ಎದೆಯಲ್ಲಿ ಒಂದು, ಅದೂ ಪೆನ್ಸಿಲ್ಲು ಮತ್ತು ಆರಿಂಚಿನ ಅಳತೆಪಟ್ಟಿ ಬಿಗಿಯಾಗಿ ಕೂರುವಷ್ಟು ಕಿರಿದು. ಅಗಲವಿದ್ದರೆ ಬಗ್ಗಿದಾಗ ಎಲ್ಲವೂ ಸುರಿಯುತ್ತದೆ. ಕೆಳಗೆ ಎರಡು. ಅವುಗಳ ಬಾಯಿ ಆಕಳಿಸುತ್ತಿದ್ದರೆ ಎರಡು ತೊಂದರೆ. ಒಂದು, ವೈಸಿನ ಹಿಡಿ ಅದರೊಳಗೆ ಹೊಕ್ಕು ನೀವು ತಿರುಗಿದಾಗ ಜೇಬು ಹರಿಯುತ್ತದೆ. ಎರಡು, ಹತ್ತರಿಯಿಂದ ಬಂದ ಸುರುಳಿಗಳೆಲ್ಲ ಅಲ್ಲೇ ತುಂಬುತ್ತವೆ. ಜೇಬಿನ ಮೇಲೆ ಮುಚ್ಚಳ ಇರಲಿ, ಇಲ್ಲವೇ ಕೆಳಮೂಲೆಯಲ್ಲಿ ಬೆರಳು ತೂರುವಷ್ಟು ಹೊಲಿಗೆ ಬಿಡಿಸಿ. ಹೊಟ್ಟು ತಾನೇ ಉದುರುತ್ತದೆ. ಸ್ಕ್ರೂ ಕೂಡ ಉದುರುತ್ತದೆ ಎಂದು ಟೈಲರು ಎಚ್ಚರಿಸುತ್ತಾರೆ. ಸ್ಕ್ರೂ ಡಬ್ಬಿಯ ಜಾಗ ಮೇಜಿನ ಮೇಲೆ.

ಉಳಿಯನ್ನು ಏಪ್ರನ್ನಿನ ಜೇಬಿನಲ್ಲಿ ಇಡುವವರೊಂದಿಗೆ ನನಗೆ ರಾಜಿಯಿಲ್ಲ. ಬಾಯಿ ಮೇಲಿದ್ದರೆ ಕೈಗೆ, ಕೆಳಗಿದ್ದರೆ ತೊಡೆಗೆ.

ಹೊಟ್ಟು ಮತ್ತು ಎಣ್ಣೆ

ಇಂಗ್ಲೆಂಡಿನ ಹೈ ವೈಕಂಬ್ ಕುರ್ಚಿಗಳಿಗೆ ಹೆಸರಾದ ಊರು. ಅಪರೂಪದ ಒಂದು ಮೂಗಿನ ಕ್ಯಾನ್ಸರು ಆ ಸುತ್ತಿನ ಪೀಠೋಪಕರಣದ ಕೆಲಸಗಾರರಲ್ಲಿ ಮಾತ್ರ ಅತಿಯಾಗಿ ಕಾಣುತ್ತಿದೆಯಲ್ಲ ಎಂದು 1960ರ ದಶಕದಲ್ಲಿ ಅಲ್ಲಿನ ವೈದ್ಯರು ಗಮನಿಸಿದರು. ಅಪರಾಧಿ ಗಟ್ಟಿಮರದ ಹೊಟ್ಟು. 1995ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಹೊಟ್ಟನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಮೂಗಿಗೆ ಮಾಸ್ಕ್ ಬೇಕು, ಅದರ ಅಧ್ಯಾಯ ಬೇರೆ. ಏಪ್ರನ್ನಿನ ಪಾಲಿನ ಕೆಲಸ ಹೊಟ್ಟನ್ನು ಮನೆಗೆ ತರದಿರುವುದು. ಅದನ್ನು ಕೆಲಸದ ಕೋಣೆಯ ಮೊಳೆಗೇ ತಗುಲಿಸಿ ಬನ್ನಿ, ಅಂಗಳದಲ್ಲಿ ಗಾಳಿಗೆ ಬೆನ್ನು ಮಾಡಿ ಕೊಡವಿ, ಮಕ್ಕಳ ಬಟ್ಟೆಯ ಜೊತೆ ಒಗೆಯಬೇಡಿ. ಕಂಪ್ರೆಸರ್ ಗಾಳಿಯನ್ನು ಮೈಮೇಲೆ ಬಿಟ್ಟುಕೊಂಡು ಶುಚಿಯಾಗುವ ಚಟ ಇರುವವರು ಆ ಹೊಟ್ಟನ್ನೆಲ್ಲ ಮತ್ತೆ ತಮ್ಮದೇ ಮೂಗಿನ ಮಟ್ಟಕ್ಕೆ ಎಬ್ಬಿಸುತ್ತಿರುತ್ತಾರೆ. ಬೀಟೆಯ ಹೊಟ್ಟು ಕೆಲವರ ಚರ್ಮಕ್ಕೂ ಆಗುವುದಿಲ್ಲ, ಮುಂಗೈ ಕೆರೆತ ಬಂದರೆ ಅಲ್ಲಿ ಅನುಮಾನಿಸಿ.

ಅಗಸೆ ಎಣ್ಣೆ ಹಚ್ಚುವವರಿಗೆ ಒಂದು ಮಾತು. ಈ ಎಣ್ಣೆ ಒಣಗುವುದೆಂದರೆ ಗಾಳಿಯ ಆಮ್ಲಜನಕದೊಂದಿಗೆ ಕೂಡುವುದು, ಕೂಡುವಾಗ ಬಿಸಿ ಹುಟ್ಟುತ್ತದೆ. ಹರಡಿದ ಬಟ್ಟೆಯಲ್ಲಿ ಆ ಬಿಸಿ ಹಾರಿಹೋಗುತ್ತದೆ. ಮುದ್ದೆ ಮಾಡಿ ಮೂಲೆಗೆಸೆದ ಬಟ್ಟೆಯಲ್ಲಿ ಒಳಗೇ ಕೂತು ಏರುತ್ತಾ ಏರುತ್ತಾ ಬೆಂಕಿಯೇ ಹೊತ್ತಬಹುದು, ಕಡ್ಡಿ ಗೀರುವವರು ಯಾರೂ ಬೇಕಿಲ್ಲ. ಎಣ್ಣೆಗೈಯನ್ನು ಏಪ್ರನ್ನಿಗೆ ಒರೆಸಿಕೊಂಡಿದ್ದರೆ ಆ ರಾತ್ರಿ ಅದನ್ನು ಬಯಲಲ್ಲಿ ಹಗ್ಗದ ಮೇಲೆ ಬಿಡಿಸಿ ಹಾಕಿ.

ಟೈಲರ್ ಅಂಗಡಿಯಲ್ಲಿ

ಇಷ್ಟೆಲ್ಲ ಗುಣವಿರುವ ಏಪ್ರನ್ ಸಿದ್ಧವಾಗಿ ಸಿಗುವುದು ಕಷ್ಟ. ಹೊಲಿಸುವುದೇ ಸುಲಭ, ಅಗ್ಗವೂ ಹೌದು. ಒಂದೂಕಾಲು ಮೀಟರ್ ಡ್ರಿಲ್ ಅಥವಾ ಡೆನಿಮ್ ತಂದು ಮೊದಲು ಬಿಸಿನೀರಿಗೆ ಹಾಕಿ ಒಣಗಿಸಿ. ಹತ್ತಿ ಕುಗ್ಗುವಷ್ಟು ಕುಗ್ಗಲಿ. ಕತ್ತರಿಸಿದ ಮೇಲೆ ಕುಗ್ಗಿದರೆ ಅಡ್ಡಪಟ್ಟಿ ಹೆಗಲು ಕಡಿಯುತ್ತದೆ. ಪಟ್ಟಿಯ ಅಗಲ ನಾಲ್ಕು ಸೆಂಟಿಮೀಟರ್.

ನಮ್ಮ ಬೀದಿಯ ಟೈಲರು ಮೊದಲ ಸಲ ನನ್ನ ಚಿತ್ರ ನೋಡಿ, "ಹೋಟೆಲ್ನೋರಿಗಾ ಸಾರ್?" ಎಂದಿದ್ದರು. ವೆಲ್ಕ್ರೋ ಎಂದಾಗ ಬೇಸರಪಟ್ಟರು. "ಇದು ಬಿಚ್ಕೊಳ್ಳತ್ತೆ ಸಾರ್, ನಾನು ಗಟ್ಟಿ ಹೊಲಿಗೆ ಹಾಕ್ಕೊಡ್ತೀನಿ, ಹತ್ತು ವರ್ಷ ಅಲ್ಲಾಡಲ್ಲ." ಬಿಚ್ಚಿಕೊಳ್ಳಲಿ ಎಂದೇ ಹಾಕಿಸುತ್ತಿದ್ದೇನೆ ಎಂದು ಹೋರಿಯ ಕತೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದವರು ತಮ್ಮ ಹೊಲಿಗೆ ಯಂತ್ರದ ಚಕ್ರದ ಕಡೆ ನೋಡಿ, ಹೆಂಡತಿ ಕೂತು ಹೊಲಿಯುವಾಗ ಸೆರಗು ಸಿಕ್ಕಿದ್ದನ್ನು ನೆನಪಿಸಿಕೊಂಡರು. ಈಗ ಮರಗೆಲಸದವರು ಯಾರೇ ಹೋದರೂ ವೆಲ್ಕ್ರೋಗೆ ಅವರೇ ವಾದಿಸುತ್ತಾರೆ.

ಇನ್ನು ಮಡಿಲಿನ ವಿಷಯ. ಈ ಅಧ್ಯಾಯದಲ್ಲಿ ಹೇಳಿದ ಎಲ್ಲ ಅಳತೆಯೂ ನಿಂತು ಕೆಲಸ ಮಾಡುವವರದು. ನೆಲದ ಮೇಲೆ ಕೂತು, ಹಲಗೆಯನ್ನು ಪಾದದಿಂದ ಒತ್ತಿಹಿಡಿದು ಉಳಿ ನಡೆಸುವ ಆಚಾರಿಗೆ ಇವು ಯಾವುವೂ ಒಪ್ಪುವುದಿಲ್ಲ. ಕೂತಾಗ ಕೆಳಭಾಗ ತೊಡೆಗಳ ನಡುವೆ ಮುದ್ದೆಯಾಗುತ್ತದೆ, ಉಳಿ ಜಾರುವ ದಾರಿಗೇ ಬಟ್ಟೆ ಬರುತ್ತದೆ, ಜೇಬಿನಲ್ಲಿದ್ದದ್ದು ಹೊಟ್ಟೆಗೆ ಚುಚ್ಚುತ್ತದೆ. ಕೆಳಭಾಗವನ್ನು ನಡುವಿನಿಂದ ಸೀಳಿ ಒಂದೊಂದು ತೊಡೆಗೆ ಒಂದೊಂದು ಎಸಳು ಮಾಡಿಸಿ ನೋಡಿದ್ದೇನೆ. ಪರವಾಗಿಲ್ಲ, ಆದರೆ ಎದ್ದು ನಡೆಯುವಾಗ ಪಟಪಟ ಬಡಿಯುತ್ತದೆ, ತೊಡೆಗೆ ಕಟ್ಟೋಣವೆಂದರೆ ಮತ್ತೆ ಲಾಡಿ. ನೆಲಗೆಲಸಕ್ಕೆಂದೇ ಯೋಚಿಸಿ ಮಾಡಿದ ಏಪ್ರನ್ ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ. ಓದುಗರಲ್ಲಿ ಹೊಲಿಗೆ ಬಲ್ಲವರು, ವಿನ್ಯಾಸ ಕಲಿಯುತ್ತಿರುವವರು ಇದ್ದರೆ ಒಂದು ದಿನ ಕೂತು ಕೆಲಸ ಮಾಡುವ ಆಚಾರಿಯೊಬ್ಬರ ಪಕ್ಕದಲ್ಲಿ ಕಳೆಯಿರಿ. ಅವರು ಎಷ್ಟು ಸಲ ಪಂಚೆ ಸರಿಮಾಡಿಕೊಂಡರು, ಕೈ ಎಲ್ಲಿ ಒರೆಸಿದರು, ಎದ್ದಾಗ ಮಡಿಲಿಂದ ಏನೇನು ಬಿತ್ತು ಎಂದು ಗುರುತು ಹಾಕಿಕೊಳ್ಳಿ. ಅಳತೆ ತೆಗೆಯುವುದಾದರೆ ಅವರನ್ನು ಎದ್ದು ನಿಲ್ಲಿಸಬೇಡಿ. ಕೂತಲ್ಲೇ ಮೂರು ಅಳತೆ ಬೇಕು: ಹೆಗಲಿನಿಂದ ತೊಡೆಯ ಬುಡಕ್ಕೆ, ತೊಡೆಯ ಬುಡದಿಂದ ಮೊಣಕಾಲಿಗೆ, ಒಂದು ಮೊಣಕಾಲಿನಿಂದ ಇನ್ನೊಂದಕ್ಕೆ. ಮೂರನೆಯದನ್ನು ಎರಡು ಸಲ ತೆಗೆಯಿರಿ, ಗರಗಸ ಹಿಡಿದಾಗ ಒಮ್ಮೆ, ಉಳಿ ಹಿಡಿದಾಗ ಒಮ್ಮೆ. ಎರಡೂ ಒಂದೇ ಬರುವುದಿಲ್ಲ.